ಎಂಎಸ್ ಔಷಧಿ ಯಾವ ಕೋಶವನ್ನು ತಡೆಯುತ್ತದೆ? ಕೇಳಿ ತಿಳಿದುಕೊಂಡು ಫೈಲ್ ಮಾಡುವ ಬಗೆ

ನರರೋಗ ತಜ್ಞರ ಹತ್ತಿರ ನಮಗೆ ಸಿಗುವುದು ಕೆಲವೇ ನಿಮಿಷ. ಒಂದೇ ಪ್ರಶ್ನೆ ಕೇಳಲು ಸಮಯ ಇದ್ದರೆ ಇದನ್ನು ಕೇಳಿ: "ಡಾಕ್ಟ್ರೇ, ಈ ಔಷಧಿ ನನ್ನ ಯಾವ ಕೋಶವನ್ನು ತಡೆಯುತ್ತೆ?" ಇದಕ್ಕೆ ಉತ್ತರ ಸಿಕ್ಕರೆ ಯಾವ ರಕ್ತಪರೀಕ್ಷೆ ಯಾಕೆ, ಯಾವ ಲಸಿಕೆ ಯಾವಾಗ, ಯಾವ ಜ್ವರವನ್ನು ಹಗುರವಾಗಿ ನೋಡಬಾರದು ಅನ್ನುವುದೆಲ್ಲ ಒಂದೊಂದಾಗಿ ಅರ್ಥವಾಗುತ್ತದೆ.

ನನ್ನದು ತೀರ್ಥಹಳ್ಳಿ ತಾಲ್ಲೂಕು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ನನಗೆ ಶುರುವಾಗಿದ್ದು ಎಡಗಣ್ಣಿನಿಂದ. ಅಂಗಳದ ದಾಸವಾಳ ಬಲಗಣ್ಣಿಗೆ ಕೆಂಪಾಗಿಯೇ ಕಾಣುತ್ತಿತ್ತು, ಎಡಗಣ್ಣಿಗೆ ಮಾಸಲು ಕಂದು. ಈಗ ಆರು ತಿಂಗಳಿಗೊಮ್ಮೆ ರಿಟುಕ್ಸಿಮಾಬ್ ಡ್ರಿಪ್ ಹಾಕಿಸಿಕೊಳ್ಳುತ್ತೇನೆ. ನಾನು ಡಾಕ್ಟರಲ್ಲ. ಡೋಸು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಕೂರುವ ಮುಂಚೆ ನಾವು ಮಾಡಿಕೊಳ್ಳಬಹುದಾದ ತಯಾರಿ ಇಷ್ಟು.

ಮೊದಲು ಕೋಶಗಳ ಪರಿಚಯ

ನರದ ಎಳೆಗಳ ಮೇಲೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇದೆ. ಮೆದುಳು, ಬೆನ್ನುಹುರಿ, ಕಣ್ಣಿನ ನರ ಇವುಗಳಲ್ಲಿರುವ ಈ ಹೊದಿಕೆಯನ್ನು ನಮ್ಮದೇ ರೋಗನಿರೋಧಕ ಕೋಶಗಳು ಹಾಳು ಮಾಡುವುದೇ ಎಂಎಸ್. ಮೆದುಳಿನ ರಕ್ತನಾಳಗಳ ಗೋಡೆ ಬಿಗಿಯಾಗಿರುತ್ತದೆ, ಸಿಕ್ಕ ಸಿಕ್ಕ ಕೋಶವನ್ನೆಲ್ಲ ಒಳಗೆ ಬಿಡುವುದಿಲ್ಲ. ಎಂಎಸ್‌ನಲ್ಲಿ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳು ಆ ಗೋಡೆ ದಾಟುತ್ತವೆ. ಒಳಗೆ ಹೋಗಿ ಉರಿಯೂತದ ರಾಸಾಯನಿಕಗಳನ್ನು ಬಿಟ್ಟು ಉಳಿದ ಕೋಶಗಳನ್ನೂ ಕರೆಸಿಕೊಳ್ಳುತ್ತವೆ. ಎಂಆರ್‌ಐನಲ್ಲಿ ಕಾಣುವ ಬಿಳಿ ಮಚ್ಚೆಗಳು ಈ ಗಲಾಟೆ ನಡೆದ ಜಾಗ.

ಇನ್ನು ಬಿ ಕೋಶ. ನನಗೆ ತುಂಬಾ ಹಿಡಿಸಿದ ಕಥೆ ಇದರದ್ದು. ಬಹಳ ವರ್ಷ ಎಂಎಸ್ ಅಂದರೆ ಟಿ ಕೋಶದ ಕಾಯಿಲೆ ಅಂತಲೇ ನಂಬಿದ್ದರು. ಬಿ ಕೋಶದ ಕೆಲಸ ಆಂಟಿಬಾಡಿ, ಅಂದರೆ ರೋಗಾಣುವನ್ನು ಹಿಡಿಯುವ ಪ್ರೋಟೀನ್, ತಯಾರಿಸುವುದು, ಅಷ್ಟೇ ಅಂತ. 2008ರಲ್ಲಿ ಅಮೆರಿಕದ ಸ್ಟೀಫನ್ ಹೌಸರ್ ಮತ್ತು ಸಂಗಡಿಗರು ಬಿ ಕೋಶಗಳನ್ನು ಇಳಿಸುವ ರಿಟುಕ್ಸಿಮಾಬ್ ಕೊಟ್ಟು ಮಾಡಿದ ಪ್ರಯೋಗದ ಫಲಿತಾಂಶ ಬಂತು. ಬಿ ಕೋಶ ಇಳಿದ ಕೆಲವೇ ವಾರಗಳಲ್ಲಿ ಹೊಸ ಮಚ್ಚೆಗಳು ಕಡಿಮೆಯಾಗಿದ್ದವು. ಆಂಟಿಬಾಡಿಗಳು ಅಷ್ಟು ಬೇಗ ಇಳಿಯುವುದಿಲ್ಲ, ಅಲ್ವಾ? ಹಾಗಾದರೆ ಬಿ ಕೋಶ ಬೇರೇನೋ ಕಿತಾಪತಿ ಮಾಡುತ್ತಿತ್ತು ಅಂತಾಯಿತು. ಯಾವುದರ ಮೇಲೆ ಬೀಳಬೇಕು ಅಂತ ಅದು ಟಿ ಕೋಶಕ್ಕೆ ತೋರಿಸಿಕೊಡುತ್ತದೆ, ಹುರಿದುಂಬಿಸುತ್ತದೆ ಕೂಡ.

2022ರಲ್ಲಿ ಇನ್ನೊಂದು ಎಳೆ ಸಿಕ್ಕಿತು. ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ನೋಡಿದಾಗ, ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ಮೇಲೆ ಎಂಎಸ್ ಬರುವ ಸಂಭವ 32 ಪಟ್ಟು ಜಾಸ್ತಿ ಅಂತ ಗೊತ್ತಾಯಿತು. ಆ ವೈರಸ್ ಅಡಗಿ ಕೂರುವುದು ಬಿ ಕೋಶದಲ್ಲೇ! ಹಾಗಂತ ಆ ವೈರಸ್‌ನ ಪರೀಕ್ಷೆಗೆ ಸುಮ್ನೆ ದುಡ್ಡು ಸುರಿಯಬೇಡಿ. ದೊಡ್ಡವರಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಅದು ಬಂದು ಹೋಗಿರುತ್ತದೆ. ಎಂಎಸ್ ಬರುವುದು ಅವರಲ್ಲಿ ಬಹಳ ಕಡಿಮೆ ಜನಕ್ಕೆ.

ಮೆದುಳಿನೊಳಗೇ ವಾಸ ಇರುವ ಮೈಕ್ರೋಗ್ಲಿಯಾ ಅಂತ ಇನ್ನೊಂದು ಜಾತಿ ಇದೆ. ರಿಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳುವುದು, ಇಲ್ಲದೆಯೂ ವರ್ಷದಿಂದ ವರ್ಷಕ್ಕೆ ನಡಿಗೆ ಕುಗ್ಗುವುದರಲ್ಲಿ ಇವುಗಳ ಕೈವಾಡ ಇದೆ. ಈಗಿನ ಔಷಧಿಗಳು ಮುಖ್ಯವಾಗಿ ರಕ್ತದಲ್ಲಿ ಓಡಾಡುವ ಕೋಶಗಳನ್ನು ಹಿಡಿಯುತ್ತವೆ, ಇವುಗಳ ತನಕ ಅಷ್ಟಾಗಿ ಮುಟ್ಟುವುದಿಲ್ಲ. ಅದಕ್ಕೇ ಡಾಕ್ಟರು ಔಷಧಿ ಬೇಗ ಶುರು ಮಾಡಿ ಅನ್ನುವುದು.

ಫೈಲಿನ ಮೊದಲ ಪುಟ

ಔಷಧಿಯ ಹೆಸರು, ಅದು ಹಿಡಿಯುವ ಕೋಶ, ಅದರಿಂದ ಬರುವ ಎಚ್ಚರಿಕೆ. ಈ ಮೂರು ಒಂದೇ ಸಾಲಿನಲ್ಲಿ ಬರಲಿ.

ಫಿಂಗೋಲಿಮಾಡ್ ಮಾತ್ರೆ ಲಿಂಫೋಸೈಟ್‌ಗಳನ್ನು (ಟಿ, ಬಿ ಕೋಶಗಳು ಸೇರಿದ ಬಿಳಿ ರಕ್ತಕಣಗಳು) ಕೊಲ್ಲುವುದಿಲ್ಲ, ದುಗ್ಧಗ್ರಂಥಿಗಳಿಂದ ಹೊರಗೆ ಬಿಡುವುದಿಲ್ಲ. ರಕ್ತದ ವರದಿಯಲ್ಲಿ ಲಿಂಫೋಸೈಟ್ ಕಡಿಮೆ ಅಂತ ಬಂದರೆ ಅದು ಔಷಧಿಯ ಕೆಲಸವೇ. ಎಷ್ಟು ಇಳಿದರೆ ಅತಿಯಾಯಿತು ಅಂತ ಡಾಕ್ಟರ್ ಹೇಳುತ್ತಾರೆ. ಮೊದಲ ಮಾತ್ರೆಗೆ ಹೃದಯದ ಬಡಿತ ನಿಧಾನವಾಗಬಹುದು ಅಂತ 6 ಗಂಟೆ ಆಸ್ಪತ್ರೆಯಲ್ಲಿ ಕೂರಿಸುತ್ತಾರೆ. ಇದನ್ನು ನೀವೇ ನಿಲ್ಲಿಸಬೇಡಿ. ಹಿಡಿದಿಟ್ಟ ಕೋಶಗಳೆಲ್ಲ ಒಟ್ಟಿಗೆ ಹೊರಗೆ ಬಂದು ಕಾಯಿಲೆ ಜೋರಾಗಿ ಮರಳಬಹುದು. ನಟಾಲಿಜುಮಾಬ್ ಕೋಶಗಳು ಮೆದುಳಿನ ಗೋಡೆ ದಾಟದ ಹಾಗೆ ತಡೆಯುತ್ತದೆ. ಕಾವಲಿಗೆ ಹೋಗಬೇಕಾದವೂ ಹೊರಗೇ ಉಳಿಯುತ್ತವೆ, ಆಗ ಜೆಸಿ ಅನ್ನುವ ವೈರಸ್ ಮೆದುಳಿನಲ್ಲಿ ತಲೆ ಎತ್ತುವ ಅಪಾಯ ಇದೆ. ಅದಕ್ಕೇ ಆ ವೈರಸ್‌ನ ಆಂಟಿಬಾಡಿ ಪರೀಕ್ಷೆ ಮಾಡಿಸುವುದು.

ಟೆರಿಫ್ಲುನೊಮೈಡ್ ಬೇಗ ಬೇಗ ಮರಿ ಹಾಕುವ ಲಿಂಫೋಸೈಟ್‌ಗಳನ್ನು ತಡೆಯುತ್ತದೆ. ಲಿವರ್ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಗರ್ಭಕ್ಕೂ ತೊಂದರೆ, ಮಗು ಬೇಕು ಅನ್ನುವ ಆಲೋಚನೆ ಇದ್ದರೆ ಮೊದಲೇ ಹೇಳಿ. ಡೈಮಿಥೈಲ್ ಫ್ಯೂಮರೇಟ್ ಅನ್ನು ಊಟದ ಜೊತೆ ನುಂಗಬೇಕು, ಆಗಾಗ ಲಿಂಫೋಸೈಟ್ ಎಣಿಕೆ ಮಾಡಿಸಬೇಕು. ಇಂಟರ್‌ಫೆರಾನ್ ಚುಚ್ಚುಮದ್ದು ಹಳೆಯದು, ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಅದರಲ್ಲಿ ಹಲವು ಬಗೆಯನ್ನು ಫ್ರಿಜ್‌ನಲ್ಲಿಡಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ! ಎಷ್ಟು ಹೊತ್ತು ಹೊರಗಿಡಬಹುದು ಅಂತ ಕೊಳ್ಳುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ರಿಲ್ಯಾಪ್ಸ್ ಆದಾಗ 3ರಿಂದ 5 ದಿನ ಕೊಡುವ ಸ್ಟೀರಾಯ್ಡ್ ಡ್ರಿಪ್ ಬೇರೆ ಸಂಗತಿ. ಅದು ಆಗ ಎದ್ದಿರುವ ಉರಿಯೂತವನ್ನು ಬೇಗ ಇಳಿಸುತ್ತದೆ, ಮುಂದಿನದನ್ನು ತಡೆಯುವುದಿಲ್ಲ. ತಡೆಯುವ ಔಷಧಿ ಅಡಿಕೆ ತೋಟಕ್ಕೆ ಕೊಳೆರೋಗ ಬರದ ಹಾಗೆ ಬೋರ್ಡೋ ದ್ರಾವಣ ಹೊಡೆದ ಹಾಗೆ. ಕೊಳೆ ಕಾಣಿಸದಿದ್ದರೂ ಹೊಡೆಯಬೇಕು, ಹೊಡೆದ ಮಾತ್ರಕ್ಕೆ ಉದುರಿದ ಕಾಯಿ ಮೇಲೆ ಹೋಗಿ ಅಂಟಿಕೊಳ್ಳುವುದಿಲ್ಲ. "ಇಂಜೆಕ್ಷನ್ ತಗೊಂಡ್ರೂ ಕಾಲು ಜೋಮು ಹೋಗ್ಲಿಲ್ವಲ್ಲ" ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ಔಷಧಿ ಶುರುವಾಗುವ ಮುಂಚೆ, ಎಂಎಸ್ ತರಹದ ಬೇರೆ ಕಾಯಿಲೆಗಳನ್ನು ಗುರುತಿಸುವ ಎಕ್ವಾಪೊರಿನ್-4 ಮತ್ತು ಮಾಗ್ (MOG) ಆಂಟಿಬಾಡಿ ಪರೀಕ್ಷೆ ಬೇಕಾ ಅಂತಲೂ ಕೇಳಿ. ಎನ್‌ಎಂಒ ಅನ್ನುವ ಇನ್ನೊಂದು ಕಾಯಿಲೆ ಎಂಎಸ್ ತರಹವೇ ಕಣ್ಣು, ಬೆನ್ನುಹುರಿಗೆ ಬರುತ್ತದೆ. ಎಂಎಸ್‌ನ ಕೆಲವು ಔಷಧಿಗಳು, ಇಂಟರ್‌ಫೆರಾನ್ ಕೂಡ, ಅದನ್ನು ಕೆಡಿಸುತ್ತವೆ.

ಬಿ ಕೋಶ ಇಳಿಸುವ ಡ್ರಿಪ್‌ಗೆ ಹೋಗುವವರಿಗೆ

ರಿಟುಕ್ಸಿಮಾಬ್, ಓಕ್ರೆಲಿಜುಮಾಬ್ ಎರಡೂ ಬಿ ಕೋಶದ ಮೇಲಿನ ಸಿಡಿ20 ಅನ್ನುವ ಗುರುತನ್ನು ಹಿಡಿಯುತ್ತವೆ. ರಿಟುಕ್ಸಿಮಾಬ್ ಬಂದದ್ದು ಲಿಂಫೋಮಾ ಅನ್ನುವ ಕ್ಯಾನ್ಸರ್‌ಗೆ. ಡಬ್ಬಿಯೊಳಗಿನ ಚೀಟಿ ಓದಿ ನಮ್ಮಮ್ಮ ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಎಸ್‌ಗೆ ಬೇಕಾದ ಅಗತ್ಯ ಔಷಧಿಗಳ ಪಟ್ಟಿಗೆ ಇದನ್ನೂ ಸೇರಿಸಿದೆ.

ಮುಂಚೆ ಆಗಬೇಕಾದ್ದು: ಹೆಪಟೈಟಿಸ್ ಬಿ ಪರೀಕ್ಷೆ, ಯಾಕೆಂದರೆ ಮಲಗಿದ್ದ ವೈರಸ್ ಎದ್ದು ಕೂರಬಹುದು. ಟಿಬಿ ತಪಾಸಣೆ. ಇಮ್ಯುನೊಗ್ಲೋಬುಲಿನ್ (ರಕ್ತದಲ್ಲಿರುವ ಆಂಟಿಬಾಡಿ) ಮಟ್ಟ. ಲಸಿಕೆಗಳು ಆದಷ್ಟೂ ಡ್ರಿಪ್‌ಗೆ ಕೆಲವು ವಾರ ಮುಂಚೆ. ಬಿ ಕೋಶವೇ ಇಲ್ಲದಾಗ ಲಸಿಕೆ ಹಾಕಿಸಿದರೆ ಆಂಟಿಬಾಡಿ ಮಾಡುವವರು ಯಾರು? ಜೀವಂತ ವೈರಸ್ ಇರುವ ಲಸಿಕೆಗಳನ್ನಂತೂ ಔಷಧಿ ನಡೆಯುವಾಗ ಹಾಕಿಸುವ ಹಾಗಿಲ್ಲ.

ಆ ದಿನ ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ಔಷಧಿ, ಸ್ಟೀರಾಯ್ಡ್ ಕೊಡುತ್ತಾರೆ. ಆಮೇಲೆ ಡ್ರಿಪ್ಪನ್ನು ತೀರಾ ನಿಧಾನ ಶುರು ಮಾಡಿ, ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ನನಗೆ ಮೊದಲ ಸಲ ಕಿವಿಯ ಒಳಗೆ ತುರಿಕೆ ಬಂತು, ಆಮೇಲೆ ಗಂಟಲಿಗೆ ಇಳಿಯಿತು. ಸಿಸ್ಟರ್‌ಗೆ ಹೇಳಿದ ಕೂಡಲೇ ಡ್ರಿಪ್ ನಿಲ್ಲಿಸಿ, ಕಡಿಮೆಯಾದ ಮೇಲೆ ನಿಧಾನಕ್ಕೆ ಬಿಟ್ಟರು. ತುರಿಕೆ ತಾನೇ ಅಂತ ಸುಮ್ಮನಿರಬೇಡಿ. ಬಿಪಿ ಮಾತ್ರೆ ನುಂಗುವವರು ಅವತ್ತು ಬೆಳಿಗ್ಗೆ ನುಂಗಬೇಕಾ ಅಂತ ಮುಂಚೆಯೇ ಕೇಳಿರಿ. ಇಡೀ ದಿನ ಹಿಡಿಯುತ್ತದೆ, ಘಾಟಿ ಕಡೆಗೆ ಹೋಗುವ ಸಂಜೆ ಬಸ್ಸು ನಂಬಿಕೊಳ್ಳಬೇಡಿ.

ಮಲೆನಾಡಿನವರು ನೋಡಿಕೊಳ್ಳಬೇಕಾದ್ದು

ಮಂಗನ ಕಾಯಿಲೆ. 1957ರಲ್ಲಿ ನಮ್ಮ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಗೊತ್ತಾಗಿದ್ದು. ಚಳಿಗಾಲದಿಂದ ಮಳೆ ಬೀಳುವ ತನಕ ಇದನ್ನು ಹರಡುವ ಉಣುಗಿನ ಕಾಟ. ಬಿ ಕೋಶ ಇಲ್ಲದವರು ದರಗು (ಒಣ ಎಲೆ) ತರಲು ಕಾಡಿಗೆ ಹೋಗುವುದು ಬೇಡ. ಕೊಟ್ಟಿಗೆಗೆ ಹೋದರೆ ಬಂದು ಬಟ್ಟೆ ಬದಲಾಯಿಸಿ, ಮೊಣಕಾಲ ಹಿಂದೆ, ಸೊಂಟದ ಪಟ್ಟಿ, ಕಿವಿ ಹಿಂದೆ ನೋಡಿಕೊಳ್ಳಿ. ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ಹೇಳಬೇಕಾದ್ದು "ನಾನು ರಿಟುಕ್ಸಿಮಾಬ್ ಮೇಲಿದ್ದೀನಿ" ಅಂತ. ನಮ್ಮ ದೇಹ ಆಂಟಿಬಾಡಿ ಸರಿಯಾಗಿ ಮಾಡದೆ ಇರಬಹುದು, ಆಗ ಆಂಟಿಬಾಡಿ ಹುಡುಕುವ ಪರೀಕ್ಷೆಯಲ್ಲಿ ಕಾಯಿಲೆ ಇಲ್ಲ ಅಂತ ತಪ್ಪಾಗಿ ಬರಬಹುದು. ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕಾ ಅಂತ ವಿಚಾರಿಸಿ.

ಹಂಡೆಯ ಬಿಸಿನೀರು. ಬಚ್ಚಲಿನಿಂದ ಬಂದ ಮೇಲೆ ಕಣ್ಣು ಮಂಜಾದರೆ, ಕಾಲು ಸೋತರೆ ಗಾಬರಿ ಬೇಡ. ಹೊದಿಕೆ ಹೋದ ನರ ಬಿಸಿಗೆ ತಡವರಿಸುತ್ತದೆ, ಮೈ ತಣ್ಣಗಾದರೆ ಸರಿಹೋಗುತ್ತದೆ. ಅಡಿಕೆ ಬೇಯಿಸುವ ಒಲೆಯ ಮುಂದೆಯೂ ಹೀಗೇ. ಕೋಶಗಳು ಹೊಸದಾಗಿ ದಾಳಿ ಮಾಡಿದ್ದರೆ ಲಕ್ಷಣ 24 ಗಂಟೆ ದಾಟಿಯೂ ಇರುತ್ತದೆ. ಜ್ವರ, ಸೋಂಕು ಇಲ್ಲದೆ ಹಾಗಾದರೆ ಫೋನ್ ಮಾಡಿ.

ಕಷಾಯ. "ಇಮ್ಯುನಿಟಿ ಜಾಸ್ತಿ ಆಗ್ಲಿ" ಅಂತ ಪಕ್ಕದ ಮನೆಯವರು ಪ್ರೀತಿಯಿಂದ ಅಮೃತಬಳ್ಳಿ ಕೊಟ್ಟು ಕಳಿಸುತ್ತಾರೆ. ನಮ್ಮ ರೋಗನಿರೋಧಕ ಶಕ್ತಿಗೆ ಬಲ ಕಡಿಮೆಯಾಗಿಲ್ಲ, ಗುರಿ ತಪ್ಪಿದೆ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಬೇಡ ಅಂತ ಮುಖಕ್ಕೆ ಹೇಳುವುದು ಕಷ್ಟವಾದರೆ ಡಾಕ್ಟರ ಮೇಲೆ ಹಾಕಿ, ನಾನು ಹಾಗೇ ಮಾಡುವುದು.

ಇನ್ನೊಂದು ಕಾಗದ ಫೈಲಿಗೆ ಸೇರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಎಂಎಸ್ ಕೂಡ ಇದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕುವಾಗ ಎಂಆರ್‌ಐ ವರದಿ, ಡಾಕ್ಟರ ಚೀಟಿ ಎರಡರ ಜೆರಾಕ್ಸ್ ಇಟ್ಟುಕೊಂಡು ಹೋಗಿ. ಹೊರಗೆ ನೋಡಲು ನಾವು ಚೆನ್ನಾಗಿಯೇ ಕಾಣುತ್ತೇವೆ, ಕಾಗದ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ.