ಚಿಂಚೋಳಿ ಕಾಡಿನಲ್ಲಿ ಇಳಿದ ಬ್ಯಾಟರಿ: ನಾನು ಹಾಕಿದ ಲೆಕ್ಕ

ಮೂರು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು ಮನೆಮಂದಿಯೆಲ್ಲ ಚಿಂಚೋಳಿ ವನ್ಯಜೀವಿ ಧಾಮಕ್ಕೆ ಹೋಗಿ, ಕಾರಿನ ಪಕ್ಕದಲ್ಲೇ ಟೆಂಟ್ ಹಾಕಿಕೊಂಡು ಒಂದು ರಾತ್ರಿ ತಂಗಿದ್ದೆವು. ಮರುದಿನ ಕಲಬುರಗಿಗೆ ಹೊರಡಲೆಂದು ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದವು, ಬಾನೆಟ್ಟಿನೊಳಗಿಂದ ಟಕಟಕ ಸದ್ದು ಬಂತು, ಸೆಲ್ಫ್ ಮಾತ್ರ ಹೊಡೆಯಲಿಲ್ಲ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಜೊತೆಯಲ್ಲಿ ವಯಸ್ಸಾದ ತಾಯಿ ಇದ್ದರು. ತೊಗರಿ ರಾಶಿಗೆ ಹೊರಟಿದ್ದ ರೈತರೊಬ್ಬರು ಟ್ರ್ಯಾಕ್ಟರ್ ನಿಲ್ಲಿಸಿ, "ಬ್ಯಾಟ್ರಿ ಇಳದದ ನೋಡ್ರಿ, ವೈರ್ ಅವ ಏನ್ರಿ?" ಎಂದು ಕೇಳಿದ ಆ ಕ್ಷಣವನ್ನು ನಾನು ಮರೆಯಲಾರೆ.

ಟ್ರ್ಯಾಕ್ಟರಿನ ಬ್ಯಾಟರಿಯೂ 12 ವೋಲ್ಟಿನದೇ ಆಗಿದ್ದರಿಂದ ಜಂಪರ್ ಕೇಬಲ್ ಕೆಲಸಕ್ಕೆ ಬಂತು. ಕೆಂಪು ವೈರನ್ನು ಮೊದಲು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಅನಂತರ ಟ್ರ್ಯಾಕ್ಟರಿನ ಪ್ಲಸ್‌ಗೆ ಹಚ್ಚಿದೆವು. ಕಪ್ಪು ವೈರಿನ ಒಂದು ತುದಿಯನ್ನು ಟ್ರ್ಯಾಕ್ಟರಿನ ಮೈನಸ್‌ಗೆ ಹಚ್ಚಿ, ಮತ್ತೊಂದನ್ನು ನಮ್ಮ ಬ್ಯಾಟರಿಗೆ ಹಚ್ಚದೆ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿದೆವು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲದ ಬಳಿ ಕಿಡಿ ಹಾರಬಾರದೆಂಬುದೇ ಇದಕ್ಕೆ ಕಾರಣ.

ಊರಿಗೆ ಬಂದವನೇ ಹಿಂದಿನ ಸಂಜೆಯ ಲೆಕ್ಕ ಹಾಕಲು ಕುಳಿತೆ. ಹಾಲು ಮೊಸರಿಗೆಂದು ಒಯ್ದಿದ್ದ ಕೂಲರ್ ಡಬ್ಬಿ 48 ವ್ಯಾಟಿನದು, ಅಂದರೆ 4 ಆಂಪಿಯರ್. ಎಂಜಿನ್ ಬಂದ್ ಮಾಡಿದ ಮೇಲೂ ಅದು ಐದು ತಾಸು ನಡೆದು 20 ಆಂಪಿಯರ್-ಅವರ್ (ಆಂಪಿಯರನ್ನು ತಾಸಿನಿಂದ ಗುಣಿಸಿದ ಲೆಕ್ಕ) ನುಂಗಿತ್ತು. ಸಾಮಾನು ತೆಗೆಯಲು ಅನುಕೂಲವಾಗಲೆಂದು ರಾತ್ರಿಯಿಡೀ ತೆರೆದಿಟ್ಟಿದ್ದ ಡಿಕ್ಕಿಯ 5 ವ್ಯಾಟಿನ ಪುಟ್ಟ ದೀಪ ಹನ್ನೆರಡು ತಾಸಿನಲ್ಲಿ ಇನ್ನೂ 5 ಎಳೆದಿತ್ತು. ಬ್ಯಾಟರಿಯ ಮೇಲೆ 45 ಆಂಪಿಯರ್-ಅವರ್ ಎಂದು ಬರೆದಿದ್ದರೂ ಅದು ಹೊಸದಿದ್ದಾಗಿನ ಮಾತು. ನಮ್ಮ ಭಾಗದ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬಯಲಿಗೇ ನಿಲ್ಲುವ ಕಾರಿನ ಬ್ಯಾಟರಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತದೆ, ಮತ್ತು ಆ ಬಲಹೀನತೆ ಚಳಿಯ ಮುಂಜಾನೆ ಬಯಲಾಗುತ್ತದೆ. ಸಾಮಾನ್ಯ ಕಾರಿನ ಬ್ಯಾಟರಿಯನ್ನು ಮಾಡಿರುವುದೇ ಸೆಲ್ಫ್ ಹೊಡೆಯುವ ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಡಲಿಕ್ಕೆ. ನಿಧಾನವಾಗಿ ಪೂರ್ತಿ ಬರಿದುಮಾಡಿದರೆ ಅದರ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮೊದಲಿನ ಶಕ್ತಿ ಮರಳುವುದಿಲ್ಲ.

ಕಾರು ತಾನಾಗಿಯೇ ಎಷ್ಟು ಎಳೆಯುತ್ತದೆ ಎಂಬುದನ್ನೂ ಅಳೆದೆ. ಮೈನಸ್ ವೈರ್ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ 10 ಆಂಪಿಯರ್ ಮಿತಿಯ ಮಲ್ಟಿಮೀಟರ್ ಜೋಡಿಸಿದಾಗ ಮೊದಲು 2 ಆಂಪಿಯರಿಗೂ ಹೆಚ್ಚು ತೋರಿಸಿ ನನಗೆ ಗಾಬರಿಯಾಯಿತು. ಬಾಗಿಲು ಹಾಕಿ, ಕೀಯನ್ನು ದೂರ ಒಯ್ದು, ಅರ್ಧ ತಾಸು ಸುಮ್ಮನಿದ್ದು ನೋಡಿದರೆ ಮುಳ್ಳಿಲ್ಲದ ಆ ಮೀಟರಿನ ಅಂಕಿ 0.03ಕ್ಕೆ ಇಳಿದಿತ್ತು, ಅಂದರೆ ದಿನಕ್ಕೆ 1 ಆಂಪಿಯರ್-ಅವರ್‌ಗಿಂತ ಕಡಿಮೆ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಲು ಹೋಗಬಾರದು. ಅದರ ಫ್ಯೂಸ್ ಸುಟ್ಟುಹೋಗುತ್ತದೆ. ಕಾರಿನಲ್ಲಿ ದೋಷವಿರಲಿಲ್ಲ, ಬ್ಯಾಟರಿಯನ್ನು ಖಾಲಿ ಮಾಡಿದವರು ನಾವೇ.

ಈಗ ಕೂಲರ್ ಡಬ್ಬಿಯ ಜಾಗದಲ್ಲಿ ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಪೆಟ್ಟಿಗೆ ಬರುತ್ತದೆ. ದೀಪಕ್ಕೂ ಮೊಬೈಲಿಗೂ 12.8 ವೋಲ್ಟಿನ, 20 ಆಂಪಿಯರ್-ಅವರ್‌ನ ಪ್ರತ್ಯೇಕ ಲಿಥಿಯಂ ಬ್ಯಾಟರಿಯನ್ನು ಮನೆಯಲ್ಲೇ ತುಂಬಿಸಿ ಒಯ್ಯುತ್ತೇನೆ, ಕಾರಿನ ವೈರಿಂಗಿಗೆ ಅದನ್ನು ಜೋಡಿಸುವುದಿಲ್ಲ. ಡಿಕ್ಕಿಯ ದೀಪವನ್ನು ಸ್ವಿಚ್ಚಿನಲ್ಲೇ ಆರಿಸಿಬಿಡುತ್ತೇನೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಚಿಕ್ಕ ವೋಲ್ಟ್‌ಮೀಟರ್ ಒಂದನ್ನು ಕೊಂಡಿದ್ದೇನೆ. ನಿಂತ ಕಾರಿನಲ್ಲಿ 12.6 ಎಂದರೆ ತುಂಬಿದೆ, 12.2ಕ್ಕೆ ಬಂದರೆ ಅರ್ಧ ಮುಗಿದಿದೆ. ನಾನು 12.4ರಲ್ಲೇ ಎಲ್ಲವನ್ನೂ ಬಂದ್ ಮಾಡುತ್ತೇನೆ.

ಎಂಜಿನ್ನನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸಿದರೆ ಬ್ಯಾಟರಿ ತುಂಬುತ್ತದೆಂಬ ನಂಬಿಕೆ ನನಗೂ ಇತ್ತು. ಆದರೆ ಅಂದು ಚಿಂಚೋಳಿಯಿಂದ ಕಲಬುರಗಿಯವರೆಗೆ ಓಡಿಸಿ ಬಂದ ಮೇಲೂ ಅದು ಪೂರ್ತಿ ತುಂಬಿರಲಿಲ್ಲ. ಚಾರ್ಜರಿಗೆ ಹಾಕಿ ಇಡೀ ರಾತ್ರಿ ಬಿಡಬೇಕಾಯಿತು. ಟೆಂಟಿನ ಪಕ್ಕ ಎಂಜಿನ್ ಓಡಿಸಿಟ್ಟರೆ ಮಲಗಿದವರಿಗೆ ಕಾರ್ಬನ್ ಮೊನಾಕ್ಸೈಡಿನ ಅಪಾಯವೂ ಇದೆ. ಕಳೆದ ಡಿಸೆಂಬರಿನಲ್ಲಿ ಅದೇ ಜಾಗದಲ್ಲಿ ಎರಡು ರಾತ್ರಿ ಕಳೆದ ಮೇಲೆ ಮೀಟರ್ 12.5 ತೋರಿಸುತ್ತಿತ್ತು, ತಾಯಿ ಸೀಟಿನಲ್ಲಿ ಕುಳಿತು ಶಾಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿತ್ತು.