ಕುಕ್ಕರ್ ಕೂಗುವಾಗಲೇ ಫೋನೂ ಬಂದರೆ

ಬೆಳಿಗ್ಗೆ ಏಳೂವರೆ. ಕುಕ್ಕರ್ ಕೂಗುತ್ತಿದೆ, ಮಗುವಿನ ಟೈ ಸಿಗುತ್ತಿಲ್ಲ, ಅತ್ತೆಯವರ ಬಿಪಿ ಮಾತ್ರೆ ಕೊಡಬೇಕು, ಅಷ್ಟರಲ್ಲಿ ಆಫೀಸಿನ ಫೋನು. ಆ ಹೊತ್ತಿನಲ್ಲಿ ಮನಸ್ಸಿಗೆ ಬುದ್ಧಿ ಹೇಳಿದರೆ ಅದು ಕೇಳುವುದಿಲ್ಲ. ಮೊದಲು ಮೈಯನ್ನು ತಣಿಸಬೇಕು.

ನಿಂತಲ್ಲೇ ಎರಡೂ ಪಾದಗಳನ್ನು ನೆಲಕ್ಕೆ ಊರಿ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆದು, 6 ಎಣಿಸುವಷ್ಟು ಹೊತ್ತು ಬಿಡಿ. ಹೀಗೆ 6 ಸಲ ಮಾಡಿದರೆ ಒಂದು ನಿಮಿಷ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಬರುವ ವೇಗಸ್ ನರದ ಹಿಡಿತ ಹೆಚ್ಚಿ ಎದೆಬಡಿತ ನಿಧಾನವಾಗುತ್ತದೆ. ಬಿಡುವ ಉಸಿರು ಉದ್ದ ಇರಬೇಕಾದದ್ದು ಅದಕ್ಕೇ. ಹಲವರು ಎಡವುವುದೂ ಇಲ್ಲೇ. ಎದೆ ತುಂಬ ಬಲವಾಗಿ ಎಳೆದು ಬೇಗ ಬೇಗ ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತವೆ, ಗಾಬರಿ ಇಮ್ಮಡಿಯಾಗುತ್ತದೆ. ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗಿನ ಉಸಿರು ಸಾಕು. 6 ಕಷ್ಟವಾದರೆ 3 ಎಳೆದು 5 ಬಿಡಿ.

ಆಮೇಲೆ, ತಡವಾದರೆ ಅಪಾಯವಾಗುವ ಕೆಲಸ ಯಾವುದು ನೋಡಿ. ಒಲೆ, ಮಗು, ಮಾತ್ರೆ ಮೊದಲು. ಫೋನಿನವರಿಗೆ ಹತ್ತು ನಿಮಿಷ ಬಿಟ್ಟು ಮಾಡಿದರೂ ನಡೆಯುತ್ತದೆ. "ಈಗ ಡಬ್ಬಿ ಕಟ್ಟುತ್ತಿದ್ದೇನೆ" ಎಂದು ಬಾಯಿಬಿಟ್ಟೇ ಹೇಳಿಕೊಳ್ಳಿ, ಗಮನ ಕೈಯಲ್ಲಿರುವ ಕೆಲಸಕ್ಕೆ ಬರುತ್ತದೆ.

ಆದರೆ ಬೆಳಗಿನ ಅರ್ಧ ಭಾರ ಇಳಿಯುವುದು ಹಿಂದಿನ ರಾತ್ರಿ. ಮಲಗುವ ಮುಂಚೆ 5 ನಿಮಿಷ, ಮೊಬೈಲಿನಲ್ಲಲ್ಲ, ಹಾಳೆಯ ಮೇಲೆ ಬಾಕಿ ಕೆಲಸಗಳನ್ನು ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಬರೆದವರು ಮುಗಿದ ಕೆಲಸಗಳನ್ನು ಬರೆದವರಿಗಿಂತ ಬೇಗ ನಿದ್ದೆಹೋದರು. ವಿವರವಾಗಿ ಬರೆದಷ್ಟೂ ಬೇಗ. ಹಾಗಾಗಿ ಬರೀ "ಕರೆಂಟ್ ಬಿಲ್" ಎಂದು ಗೀಚಬೇಡಿ. "ಕರೆಂಟ್ ಬಿಲ್, ಮಂಗಳವಾರ, ತಿಂಡಿಯಾದ ಮೇಲೆ, ಫೋನಿನಲ್ಲೇ" ಎಂದು ಬರೆಯಿರಿ. ನಾಳೆಗೆ 3 ಮಾತ್ರ ಇಟ್ಟುಕೊಂಡು ಉಳಿದವಕ್ಕೆ ಒಂದೊಂದು ದಿನ ಗೊತ್ತುಮಾಡಿ.

ಒಂದನ್ನಾದರೂ ಮನೆಯ ಇನ್ನೊಬ್ಬರಿಗೆ ಪೂರ್ತಿ ಒಪ್ಪಿಸಿ. ನೀರಿನ ಕ್ಯಾನ್ ಎಂದರೆ ಖಾಲಿಯಾದದ್ದು ನೋಡುವುದು, ಫೋನ್ ಮಾಡುವುದು, ದುಡ್ಡು ಕೊಡುವುದು ಎಲ್ಲವೂ ಅವರದೇ. ದಿನಾ ನೆನಪಿಸಬೇಕೆಂದರೆ ಆ ಹೊರೆ ಇನ್ನೂ ನಿಮ್ಮ ತಲೆಯಲ್ಲೇ ಇದೆ.

ಧ್ಯಾನಕ್ಕೆ ಕೂರಲು ಪುರುಸೊತ್ತಿಲ್ಲದವರಿಗೆ ಪಾತ್ರೆ ತೊಳೆಯುವ ಹೊತ್ತೇ ಸಾಕು: ನೀರಿನ ತಂಪು, ಸೋಪಿನ ಜಾರು, ತಟ್ಟೆಯ ಸದ್ದು. ಮನಸ್ಸು ಓಡಿಹೋಗುತ್ತದೆ, ಹೋಗಲಿ. ಗೊತ್ತಾದ ಕೂಡಲೇ ಮತ್ತೆ ತಟ್ಟೆಗೆ ತನ್ನಿ. ಹೀಗೆ ಮರಳಿ ತರುವುದೇ ಅಭ್ಯಾಸ, ಓಡಿಹೋದದ್ದು ಸೋಲಲ್ಲ.

ಇಷ್ಟು ಮಾಡಿಯೂ ಎರಡು ವಾರ ನಿದ್ದೆ ಬಾರದೆ, ಊಟ ಸೇರದೆ, ಅಳು ತಡೆಯಲಾಗದೆ ಇದ್ದರೆ, ಅದು ಪಟ್ಟಿ ಬರೆದು ತೀರುವ ಆಯಾಸವಲ್ಲ. ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.