ಮನೆಯ ಹಂಚಿನಲ್ಲಿ ದಾವಣಗೆರೆ ಬೆಣ್ಣೆ ದೋಸೆ

ದಾವಣಗೆರೆಯ ಹೋಟೆಲುಗಳ ಬೆಣ್ಣೆ ದೋಸೆ ಕಾಗದದ ಹಾಗೆ ತೆಳ್ಳಗಿರುವುದಿಲ್ಲ. ಚಿಕ್ಕದು, ಅಂಚು ಗರಿಗರಿ, ಒಳಗೆ ಹತ್ತಿಯಂತೆ ಮೆತ್ತಗೆ. ಆ ಮೆತ್ತಗಿನ ಗುಟ್ಟು ಮಂಡಕ್ಕಿ.

ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ ಮುಕ್ಕಾಲು ಲೋಟ, ಮೆಂತ್ಯ 1 ಚಮಚ, ಎಲ್ಲವನ್ನೂ 5 ಗಂಟೆ ನೆನೆಸಿ. 2 ಲೋಟ ಮಂಡಕ್ಕಿಯನ್ನು ರುಬ್ಬುವ 10 ನಿಮಿಷ ಮೊದಲು ನೀರಿಗೆ ಹಾಕಿ, ಹಿಂಡಿ ಸೇರಿಸಿ. ಮಂಡಕ್ಕಿ 2 ಲೋಟಕ್ಕಿಂತ ಹೆಚ್ಚಾದರೆ ದೋಸೆ ಮುದ್ದೆಯಾಗುತ್ತದೆ, ಅಂಚು ಗರಿಯಾಗುವುದಿಲ್ಲ. ನುಣ್ಣಗೆ ರುಬ್ಬಿ ರಾತ್ರಿಯಿಡೀ ಹುಳಿ ಬರಲು ಬಿಡಿ. ಬೆಳಿಗ್ಗೆ ಉಪ್ಪು, 1 ಚಮಚ ಸಕ್ಕರೆ ಬೆರೆಸಿ. ಸಕ್ಕರೆ ಇದ್ದರೆ ಹೊಂಬಣ್ಣ ಚೆನ್ನಾಗಿ ಬರುತ್ತದೆ.

ಎಡವುವುದು ಹಂಚಿನ ಹತ್ತಿರವೇ. ಹಂಚು ಕಾದ ಮೇಲೆ ನೀರು ಚಿಮುಕಿಸಿ, ಚುಂಯ್ ಎಂದ ಕೂಡಲೇ ಒರೆಸಿ, ಉರಿ ತಗ್ಗಿಸಿ ಹಿಟ್ಟು ಹುಯ್ಯಿರಿ. ಹಂಚು ವಿಪರೀತ ಕಾದಿದ್ದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಂಡು ಬರುತ್ತದೆ. ಎರಡೇ ಸುತ್ತು ಸಾಕು, ದಪ್ಪವಾಗಿರಲಿ. ಮೇಲೆಲ್ಲ ತೂತು ಬಿದ್ದು ಹಸಿ ಆರಿದ ಮೇಲೆ 1 ದೊಡ್ಡ ಚಮಚ ಬೆಣ್ಣೆ ಇಡಿ. ಅದು ಕರಗಿ ತೂತುಗಳಿಗೆ ಇಳಿದು, ಅಂಚಿನಲ್ಲಿ ನೊರೆಯಾಗಿ ಕುದಿಯುವಾಗ ಮಗುಚಿ, ಅರ್ಧ ನಿಮಿಷ ಬಿಡಿ.

ಬೆಣ್ಣೆ ಮಾತ್ರ ಮೊಸರು ಕಡೆದು ತೆಗೆದ ಬಿಳಿ ಬೆಣ್ಣೆಯೇ ಆಗಬೇಕು. ಪ್ಯಾಕೆಟ್ಟಿನ ಉಪ್ಪು ಬೆಣ್ಣೆ ಹಾಕಿದರೆ ಹಿಟ್ಟಿನ ಉಪ್ಪೂ ಸೇರಿ ರುಚಿ ಕೆಡುತ್ತದೆ, ಆ ಘಮವೂ ಇರುವುದಿಲ್ಲ.

ಜೊತೆಗೆ ಅರಿಸಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿಯ ತೆಳು ಚಟ್ನಿ.